ಒಂದಲಗಿನ ಹಳೆಯ ರೇಜರ್: ಹಿತವಾದ ಕ್ಷೌರದ ಕ್ರಮ

ನ್ಯೂಯಾರ್ಕಿನ ಕ್ಯಾಂಫೆ ಸಹೋದರರು ಒಂದಲಗಿನ ಸುರಕ್ಷಿತ ರೇಜರಿಗೆ 1880ರಲ್ಲಿ ಪೇಟೆಂಟ್ ಪಡೆದರು. ಅದೇ ಪರಂಪರೆಯ, 1930ರ ದಶಕದ ಅಮೆರಿಕದ ‘ಜೆಮ್ ಮೈಕ್ರೋಮ್ಯಾಟಿಕ್’ ರೇಜರುಗಳು ಇಂದಿಗೂ ಬಳಕೆಯಲ್ಲಿವೆ. ಅವು ಬಲು ಉಗ್ರವೆಂಬ ಮಾತೂ ಉಂಟು. ಅದರ ಬ್ಲೇಡು ಸುಮಾರು 0.23 ಮಿ.ಮೀ. ದಪ್ಪ, ಎರಡಲಗಿನ ಬ್ಲೇಡಾದರೋ ಸುಮಾರು 0.1 ಮಿ.ಮೀ. ಮಾತ್ರ. ದಪ್ಪ ಬ್ಲೇಡು ಬಾಗದು. ಆದುದರಿಂದ ಕೈ ಒತ್ತಿದರೆ ಆ ನೋವನ್ನು ಚರ್ಮವೇ ಉಣ್ಣಬೇಕು.

ಮೊದಲು ಬ್ಲೇಡು ಎರಡೂ ಬದಿಗೆ ಸಮನಾಗಿ ಕುಳಿತಿದೆಯೇ ಎಂದು ನೋಡಬೇಕು. ಬಣ್ಣ ಕೆರೆಯಲು ಮಾರುವ ಒಂದಲಗಿನ ಬ್ಲೇಡು ಮುಖಕ್ಕೆ ಸಲ್ಲದು. ಕ್ಷೌರಕ್ಕೆಂದೇ ತಯಾರಿಸಿದುದನ್ನು ಹಾಕಬೇಕು. ಬಿಸಿನೀರಿನಿಂದ ಗಡ್ಡವನ್ನು ಚೆನ್ನಾಗಿ ನೆನೆಸಿ, ದಟ್ಟವಾದ ನೊರೆ ಹಚ್ಚಬೇಕು.

ಮುಖ್ಯವಾದುದು ಕೋನ. ರೇಜರಿನ ತಲೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಇರಿಸಿ, ಅಲಗು ತಾಗುವಷ್ಟು ಮಾತ್ರ ಹಿಡಿಯನ್ನು ಬಾಗಿಸಬೇಕು. ಬಳಿಕ ರೇಜರಿನ ಭಾರವೇ ಕೆಲಸ ಮಾಡಲಿ. ಚರ್ಮವನ್ನು ಹಿಗ್ಗಿಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಚಿಕ್ಕಚಿಕ್ಕದಾಗಿ ಎಳೆಯಬೇಕು. ಗದ್ದ, ಮೇಲ್ದುಟಿಗಳಲ್ಲಿ ಅವಸರ ಸಲ್ಲದು. ಇನ್ನೂ ನುಣುಪು ಬೇಕಿದ್ದರೆ, ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಎಳೆಯಬಹುದು. ಒಣ ಚರ್ಮದ ಮೇಲೆ ಅಲಗಾಡಿಸಲೇಬಾರದು. ಕೊನೆಗೆ ತಣ್ಣೀರಿನಿಂದ ತೊಳೆದು, ಒದ್ದೆಯಾದ ಪಟಿಕವನ್ನು ಸವರಬೇಕು.

ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಇಂತಹ ರೇಜರನ್ನು ಬಿಡುವುದೇ ಲೇಸು. ತಂದೆಯ ರೇಜರನ್ನು ಮಗನು ಬಳಸಬಹುದು. ಆದರೆ ಒಂದೇ ಕಾಲದಲ್ಲಿ ಇಬ್ಬರು ಹಂಚಿಕೊಳ್ಳಲಾಗದು. ರಕ್ತದ ಮೂಲಕ ಹೆಪಟೈಟಿಸ್-ಬಿಯಂತಹ ರೋಗ ಹರಡೀತು. ಹಳೆಯದನ್ನು ಸೋಪಿನಿಂದ ಉಜ್ಜಿ ಶುಚಿಗೊಳಿಸಿ, ಹೊಸ ಬ್ಲೇಡಿನೊಡನೆಯೇ ಆರಂಭಿಸತಕ್ಕದ್ದು.