ಹೆಚ್ಚು ಮತ ಪಡೆದವರು ಸೋಲುವ ಚುನಾವಣೆ

ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ಅಮೇರಿಕದಲ್ಲಿ ತನ್ನ ಅಧ್ಯಕ್ಷನನ್ನು ನೇರವಾಗಿ ಆರಿಸುವ ಹಕ್ಕು ಅಲ್ಲಿನ ಪ್ರಜೆಗೆ ಇಂದಿಗೂ ಇಲ್ಲ. ಅವನು ಮತ ನೀಡುವುದು ತನ್ನ ರಾಜ್ಯದ ಎಲೆಕ್ಟರ್‌ಗಳಿಗೆ. ಐವತ್ತು ರಾಜ್ಯಗಳು ಹಾಗೂ ರಾಜಧಾನಿ ವಾಷಿಂಗ್ಟನ್ ಸೇರಿ ಒಟ್ಟು 538 ಎಲೆಕ್ಟರ್‌ಗಳು. 270 ಮಂದಿಯ ಬೆಂಬಲ ಪಡೆದವರು ಅಧ್ಯಕ್ಷರು. 48 ರಾಜ್ಯಗಳಲ್ಲಿ ಒಂದು ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಸಲ್ಲುತ್ತಾರೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಇದಕ್ಕೆ ಹೊರತು. ಎಲೆಕ್ಟೋರಲ್ ಕಾಲೇಜು ಎಂಬ ಈ ವ್ಯವಸ್ಥೆಯನ್ನು ಕೈಬಿಟ್ಟು ಜನರ ನೇರ ಮತದಿಂದಲೇ ಅಧ್ಯಕ್ಷರನ್ನು ಆರಿಸಬೇಕೆಂಬ ಬೇಡಿಕೆ ಹಳೆಯದು. ಅದು ನ್ಯಾಯಯುತವೂ ಹೌದೆಂಬುದು ನಮ್ಮ ಅಭಿಪ್ರಾಯ.

2000ದಲ್ಲಿ ಅಲ್ ಗೋರ್, ಜಾರ್ಜ್ ಬುಶ್‌ಗಿಂತ ಐದು ಲಕ್ಷಕ್ಕೂ ಅಧಿಕ ಮತ ಪಡೆದಿದ್ದರು. ಆದರೆ ಫ್ಲೋರಿಡಾ ಒಂದರಲ್ಲಿ 537 ಮತಗಳ ಅಂತರ ಮತ್ತು ಮರು ಎಣಿಕೆಯನ್ನು ನಿಲ್ಲಿಸಿದ ಸುಪ್ರೀಮ್ ಕೋರ್ಟಿನ ತೀರ್ಪು ಬುಶ್‌ರನ್ನು ಅಧ್ಯಕ್ಷರನ್ನಾಗಿಸಿದುವು. 2003ರಲ್ಲಿ ಇರಾಕಿನ ಮೇಲೆ ಸೇನೆಯನ್ನು ನುಗ್ಗಿಸಿದ್ದು ಇದೇ ಬುಶ್. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ ಡೊನಾಲ್ಡ್ ಟ್ರಂಪ್ ಗೆದ್ದರು. ಅಧಿಕಾರಕ್ಕೆ ಬಂದ ವಾರದಲ್ಲೇ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ನಾಗರಿಕರಿಗೆ ಅವರು ಬಾಗಿಲು ಮುಚ್ಚಿದರು. ಹೆಚ್ಚಿನ ಮತದಾರರ ಆಯ್ಕೆಯಾಗಿರದ ವ್ಯಕ್ತಿಯ ಆಜ್ಞೆಯನ್ನು ಜಗತ್ತು ಹೀಗೆ ಎರಡು ಬಾರಿ ಅನುಭವಿಸಬೇಕಾಯಿತು. 2024ರಲ್ಲಿ ಟ್ರಂಪ್ ಜನಮತ ಮತ್ತು ಎಲೆಕ್ಟರ್‌ಗಳ ಬೆಂಬಲ ಎರಡರಲ್ಲೂ ಮುಂದಿದ್ದರು, ನಿಜ. ಆದರೆ ಒಂದು ಬಾರಿ ಫಲಿತಾಂಶ ತಾಳೆಯಾದ ಮಾತ್ರಕ್ಕೆ ತಕ್ಕಡಿ ಸರಿಯಾಯಿತೆನ್ನಲಾದೀತೇ?

ಈ ತಕ್ಕಡಿಯ ಹುಟ್ಟೂ ಶುದ್ಧವಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನೆಯಾದಾಗ ದಕ್ಷಿಣದ ರಾಜ್ಯಗಳ ಗುಲಾಮರಿಗೆ ಮತವಿರಲಿಲ್ಲ. ಆದರೆ ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಲಾಯಿತು. ಎಲೆಕ್ಟರ್‌ಗಳ ಸಂಖ್ಯೆಯೂ ಅದನ್ನೇ ಆಧರಿಸಿತು. ಗುಲಾಮನ ತಲೆ ಲೆಕ್ಕದಿಂದ ಯಜಮಾನನ ಮತದ ತೂಕ ಹೆಚ್ಚಿತು. ಇದೊಂದೇ ಕಾರಣವಲ್ಲದಿದ್ದರೂ ಇದು ಸಣ್ಣ ಕಾರಣವೇನಲ್ಲ. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿಗೆ ಪ್ರತಿನಿಧಿ ಸಭೆ 338-70 ಮತಗಳಿಂದ ಒಪ್ಪಿಗೆ ನೀಡಿತು. ಮರುವರ್ಷ ಸೆನೆಟ್‌ನಲ್ಲಿ ಚರ್ಚೆಯನ್ನು ಎಳೆದಾಡಿ ಅದನ್ನು ಮತಕ್ಕೇ ಬಾರದಂತೆ ತಡೆದವರಲ್ಲಿ ದಕ್ಷಿಣದ ಸೆನೆಟರ್‌ಗಳೇ ಮುಂಚೂಣಿಯಲ್ಲಿದ್ದರು.

ನೇರ ಚುನಾವಣೆ ಬಂದರೆ ಸಣ್ಣ ರಾಜ್ಯಗಳನ್ನು ಕೇಳುವವರಿಲ್ಲದಾಗುತ್ತದೆ ಎಂಬ ವಾದವಿದೆ. 2020ರ ಜನಗಣತಿಯಂತೆ ವಯೋಮಿಂಗ್‌ನಲ್ಲಿ ಸುಮಾರು 1.9 ಲಕ್ಷ ಜನರಿಗೆ ಓರ್ವ ಎಲೆಕ್ಟರ್. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7.3 ಲಕ್ಷ ಜನರಿಗೆ ಓರ್ವ. ಇಷ್ಟು ಹೆಚ್ಚಿನ ತೂಕವಿದ್ದರೂ ವಯೋಮಿಂಗ್‌ನತ್ತ ಅಭ್ಯರ್ಥಿಗಳು ತಿರುಗಿ ನೋಡುತ್ತಾರೆಯೇ? ಇಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ರಾಜ್ಯ ಸಣ್ಣದಿರಲಿ, ದೊಡ್ಡದಿರಲಿ, ಯಾರಿಗೂ ಬೇಡ. 2024ರ ಪ್ರಚಾರವೆಲ್ಲ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಝೋನಾ ಮತ್ತು ನೆವಾಡ ಎಂಬ ಏಳು ರಾಜ್ಯಗಳನ್ನೇ ಸುತ್ತಿತು. ಸಣ್ಣ ರಾಜ್ಯಗಳ ರಕ್ಷಣೆಗೆ ಪ್ರತಿ ರಾಜ್ಯಕ್ಕೂ ಇಬ್ಬರು ಸದಸ್ಯರಿರುವ ಸೆನೆಟ್ ಇದ್ದೇ ಇದೆ.

ಇದಕ್ಕಿಂತ ಗಂಭೀರವಾದುದು ಅಲ್ಪಸಂಖ್ಯಾತರ ಕಡೆಯಿಂದ ಬರುವ ವಾದ. 1979ರಲ್ಲಿ ತಿದ್ದುಪಡಿ ಮತ್ತೆ ಸೆನೆಟ್‌ಗೆ ಬಂದಾಗ ಕಪ್ಪು ಜನಾಂಗದ ಹಾಗೂ ಯಹೂದಿಗಳ ಕೆಲವು ಸಂಘಟನೆಗಳೇ ಅದನ್ನು ವಿರೋಧಿಸಿದುವು. ದೊಡ್ಡ ರಾಜ್ಯಗಳಲ್ಲಿ ತಮ್ಮ ಮತವೇ ನಿರ್ಣಾಯಕವಾಗಿರುವಾಗ ಆ ಚೌಕಾಸಿಯ ಬಲವನ್ನು ಬಿಟ್ಟುಕೊಡುವುದೇಕೆಂಬುದು ಅವರ ಪ್ರಶ್ನೆಯಾಗಿತ್ತು. ಮಸೂದೆಗೆ 51-48ರ ಬೆಂಬಲ ಸಿಕ್ಕಿತಾದರೂ ಮೂರನೇ ಎರಡರಷ್ಟು ಬಹುಮತ ಸಿಗಲಿಲ್ಲ. ಇಂದು ಮಿಷಿಗನ್‌ನ ಮುಸ್ಲಿಮರೂ ಅದನ್ನೇ ಕೇಳಬಹುದು. 2024ರಲ್ಲಿ ಗಾಝಾದ ಕಾರಣಕ್ಕಾಗಿ ಅವರು ಮುನಿದಾಗ ಶ್ವೇತಭವನದ ಅಧಿಕಾರಿಗಳು ಡಿಯರ್‌ಬಾರ್ನ್ ನಗರಕ್ಕೇ ಬಂದು ಮಾತುಕತೆ ನಡೆಸಿದರು. ಬಳಿಕ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಆ ರಾಜ್ಯದ ಒಂದು ಲಕ್ಷಕ್ಕೂ ಅಧಿಕ ಮತದಾರರು ಯಾವ ಅಭ್ಯರ್ಥಿಗೂ ಬದ್ಧರಲ್ಲವೆಂದು ಮತ ನೀಡಿದರು.

ಆದರೆ ಈ ಬಲದ ನಿಜಸ್ವರೂಪವೇನು? ಅಧಿಕಾರಿಗಳು ಬಂದು ಹೋದರು. ಇಸ್ರೇಲ್‌ಗೆ ಶಸ್ತ್ರಾಸ್ತ್ರ ಪೂರೈಕೆ ಮುಂದುವರಿಯಿತು. ಅದೇ ನೋವು ಹೊತ್ತಿದ್ದ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಮುಸ್ಲಿಮರ ಮತವನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಮಿಸ್ಸಿಸಿಪ್ಪಿಯ ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕಪ್ಪು ಜನಾಂಗದವರಿದ್ದಾರೆ. ಅವರು ಬಹುತೇಕ ಒಂದಾಗಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ನೀಡುತ್ತಾರೆ. ಆದರೂ 1980ರಿಂದ 2024ರ ತನಕ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ರಿಪಬ್ಲಿಕನ್ ಪಾಲಾಗಿದ್ದಾರೆ. ವಾಸಸ್ಥಳದ ಆಕಸ್ಮಿಕದಿಂದ ಒಬ್ಬನಿಗೆ ಬಲ ನೀಡಿ, ಅವನ ಸಹೋದರನ ಮತವನ್ನು ಶೂನ್ಯವಾಗಿಸುವ ವ್ಯವಸ್ಥೆಯನ್ನು ಅಲ್ಪಸಂಖ್ಯಾತರ ರಕ್ಷಣೆಯೆಂದು ಕರೆಯುವುದು ಹೇಗೆ?

ನಮ್ಮ ವ್ಯವಸ್ಥೆಯೂ ದೋಷಮುಕ್ತವಲ್ಲ. 2018ರಲ್ಲಿ ಕರ್ನಾಟಕದಲ್ಲಿ ಶೇ. 38 ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ. 36 ಮತ ಪಡೆದ ಬಿಜೆಪಿಗೆ ಹೆಚ್ಚು ಸ್ಥಾನಗಳು ಬಂದುವು. ಆದರೆ ಇಲ್ಲಿ ಮುಖ್ಯಮಂತ್ರಿ ಶಾಸಕರ ವಿಶ್ವಾಸದ ಮೇಲೆ ನಿಂತಿರುತ್ತಾರೆ. ಅದನ್ನು ಕಳೆದುಕೊಂಡ ದಿನ ಇಳಿಯಬೇಕಾಗುತ್ತದೆ. ಅಮೇರಿಕದ ಅಧ್ಯಕ್ಷರನ್ನು ಹಾಗೆ ವಿಶ್ವಾಸಮತದಿಂದ ಇಳಿಸುವಂತಿಲ್ಲ. ಆದ್ದರಿಂದ ಅಲ್ಲಿ ಆಯ್ಕೆಯ ಬಾಗಿಲೇ ನೇರವಾಗಿರಬೇಕಾದುದು ಅಗತ್ಯ.

ಸಂವಿಧಾನ ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕು, ಅದು ಸುಲಭವಲ್ಲ. ಇದನ್ನು ಅರಿತೇ ಕೆಲವು ರಾಜ್ಯಗಳು, ದೇಶದಾದ್ಯಂತ ಹೆಚ್ಚು ಮತ ಪಡೆದವರಿಗೇ ತಮ್ಮ ಎಲೆಕ್ಟರ್‌ಗಳನ್ನು ನೀಡುವ ಪರಸ್ಪರ ಒಪ್ಪಂದ ಮಾಡಿಕೊಂಡಿವೆ. 2024ರಲ್ಲಿ ಮೇನ್ ಸೇರಿದಾಗ ಅವುಗಳ ಎಲೆಕ್ಟರ್‌ಗಳ ಸಂಖ್ಯೆ 209ಕ್ಕೆ ಏರಿತು. 270 ತಲುಪಿದಾಗಲಷ್ಟೇ ಒಪ್ಪಂದ ಜಾರಿಗೆ ಬರುವುದು. ಅಲ್ಲಿನ ಅಲ್ಪಸಂಖ್ಯಾತರು ಈ ಪ್ರಯತ್ನವನ್ನು ಅನುಮಾನದಿಂದ ನೋಡಬೇಕಾಗಿಲ್ಲ; ಅದರ ಮುಂದಾಳುತ್ವ ವಹಿಸಬೇಕಾಗಿದೆ. ದುರ್ಬಲನಿಗೆ ಯಾವತ್ತೂ ಆಸರೆಯಾಗುವುದು ಸಮಾನ ನಿಯಮವೇ ಹೊರತು ಒಮ್ಮೊಮ್ಮೆ ಒಲಿದು ಬರುವ ಅದೃಷ್ಟವಲ್ಲ.