ನಿಂಬೆಯ ಹನಿ ಮತ್ತು ‘ಮೂಢನಂಬಿಕೆ’ ಎಂಬ ಪದ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನಸಮುದಾಯ ನಡೆದುಕೊಳ್ಳುವ ರೀತಿಯನ್ನು ವಿವರಿಸುವಾಗ ಕನ್ನಡದ ವಿದ್ವತ್ ಬರವಣಿಗೆ ಬಹುಮಟ್ಟಿಗೆ ಆಶ್ರಯಿಸುವ ಪದ ‘ಮೂಢನಂಬಿಕೆ’. ಪ್ಲೇಗಿನ ಕಾಲದ ಪ್ಲೇಗಮ್ಮನ ಗುಡಿಗಳಾಗಲಿ, ಬೇನೆಯ ಅಮ್ಮನನ್ನು ಊರಗಡಿ ದಾಟಿಸುವ ಆಚರಣೆಯಾಗಲಿ ಈ ಪದದಡಿಯಲ್ಲಿ, ಇಲ್ಲವೇ ‘ಜನಪದ ನಂಬಿಕೆ’ ಎಂಬ ತುಸು ಸಭ್ಯವಾದ ಶೀರ್ಷಿಕೆಯಡಿಯಲ್ಲಿ ವರ್ಗೀಕರಣಗೊಳ್ಳುತ್ತವೆ. 2021ರಲ್ಲಿ ಕೊರೊನಾದ ಎರಡನೆಯ ಅಲೆಯ ವೇಳೆ ರಾಯಚೂರು ಜಿಲ್ಲೆಯಲ್ಲಿ ಘಟಿಸಿದ ಸಂಗತಿಗಳು ಈ ವರ್ಗೀಕರಣಕ್ಕೆ ಒಗ್ಗುವಂಥವಲ್ಲ.

ಆ ಏಪ್ರಿಲ್ ಕೊನೆಯಲ್ಲಿ ಸಿಂಧನೂರಿನ ಶಿಕ್ಷಕರೊಬ್ಬರು ಮೂಗಿಗೆ ನಿಂಬೆರಸ ಬಿಟ್ಟುಕೊಂಡ ಬಳಿಕ ಅಸ್ವಸ್ಥರಾಗಿ ಮೃತಪಟ್ಟರೆಂದು ಪತ್ರಿಕೆಗಳು ವರದಿ ಮಾಡಿದವು. ಸಾವಿಗೆ ನಿಂಬೆರಸವೇ ಕಾರಣವೆಂದು ಈ ವರದಿಗಳಿಂದಷ್ಟೇ ನಿರ್ಣಯಿಸಲಾಗದು. ಇಲ್ಲಿ ಮುಖ್ಯವಾದುದು ಆ ನಿಂಬೆ ಬಂದ ದಾರಿ. ನಿಂಬೆ ಎಂದೊಡನೆ ಬಾಗಿಲಿಗೆ ಕಟ್ಟುವ, ಗಾಡಿಯ ಗಾಲಿಯಡಿ ಇಡುವ, ದೃಷ್ಟಿ ತೆಗೆಯುವ ನಿಂಬೆ ಜಾನಪದದ ಅಭ್ಯಾಸಿಗೆ ನೆನಪಾಗುವುದು ಸಹಜ. ಈ ನಿಂಬೆಗೆ ಅಂತಹ ಯಾವ ಪೂರ್ವಜರೂ ಇಲ್ಲ. ಮೂಗಿಗೆ ಹಾಕಿದ ನಿಂಬೆರಸ ದೇಹದ ಆಮ್ಲಜನಕವನ್ನು ಹೆಚ್ಚಿಸುತ್ತದೆಂದು ನಾಡಿನ ಹೆಸರಾಂತ ಉದ್ಯಮಿಯೊಬ್ಬರು ಮಾಧ್ಯಮಗಳ ಮುಂದೆ ಹೇಳಿದ್ದರು. ಮೊಬೈಲುಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಕೇಂದ್ರ ಸರ್ಕಾರದ ಸತ್ಯಪರಿಶೀಲನಾ ವಿಭಾಗ ಅದನ್ನು ಸುಳ್ಳೆಂದು ಸಾರಿತಾದರೂ ವದಂತಿಯ ವೇಗ ನಿರಾಕರಣೆಗೆ ಇರಲಿಲ್ಲ. ಹೇಳಿದವರು ಗಣ್ಯರು, ಅನುಸರಿಸಿದವರು ಅಕ್ಷರಸ್ಥರು. ‘ಮೂಢ’ ಎಂಬ ವಿಶೇಷಣವನ್ನು ಇಲ್ಲಿ ಯಾರಿಗೆ ಹಚ್ಚಬೇಕು?

ಈ ಮದ್ದು ಜ್ವರಕ್ಕಾಗಲಿ ಕೆಮ್ಮಿಗಾಗಲಿ ಅಲ್ಲದೆ ಆಮ್ಲಜನಕಕ್ಕೇ ಸಂಬಂಧಿಸಿದ್ದು ಆಕಸ್ಮಿಕವಲ್ಲ. ಆ ವಾರಗಳಲ್ಲಿ ನಾಡಿನಲ್ಲಿ ದುರ್ಲಭವಾಗಿದ್ದ ವಸ್ತುವೇ ಅದು. ಸಿಂಧನೂರು, ಲಿಂಗಸುಗೂರುಗಳಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಸುಮಾರು 80-90 ಕಿ.ಮೀ. ಹಾದಿ. ಸಿಲಿಂಡರು ಕೈಗೆಟುಕದ ಕಡೆ ನಿಂಬೆಹಣ್ಣು ಎಟುಕುತ್ತದೆ. ಆತಂಕವು ಏನನ್ನಾದರೂ ಮಾಡಲೇಬೇಕೆಂಬ ಒತ್ತಡವನ್ನು ಹುಟ್ಟಿಸುತ್ತದೆ. ವ್ಯವಸ್ಥೆ ಮಾಡಲು ಏನನ್ನೂ ಕೊಡದಿದ್ದಾಗ ವದಂತಿ ಕೊಡುತ್ತದೆ.

ಸಂಚಿನ ಕಥನಗಳ ಬಗೆ ಬೇರೆ. ಅವು ಏನನ್ನೂ ಮಾಡದಿರಲು, ಅಂದರೆ ಪರೀಕ್ಷೆಗೆ ಹೋಗದಿರಲು, ಲಸಿಕೆ ಪಡೆಯದಿರಲು ಕಾರಣ ಒದಗಿಸುತ್ತವೆ. ಇವುಗಳ ಬೇರನ್ನು ಅರಿಯಲು ಮಸ್ಕಿಯನ್ನು ನೋಡಬೇಕು. 2021ರ ಏಪ್ರಿಲ್ 17ರಂದು ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಗೆ ಮತದಾನ ನಡೆಯಿತು. ಸೋಂಕು ಏರುತ್ತಿದ್ದ ದಿನಗಳಲ್ಲಿಯೇ ರಾಜ್ಯದ ನಾಯಕರು ಅಲ್ಲಿ ಬಹಿರಂಗ ಸಭೆಗಳನ್ನು ನಡೆಸಿದರು. ಮತದಾನ ಮುಗಿದ ಹತ್ತೇ ದಿನಕ್ಕೆ, ಏಪ್ರಿಲ್ 27ರಿಂದ, ರಾಜ್ಯದಾದ್ಯಂತ ಕರ್ಫ್ಯೂ. ಮೇ 2ರಂದು ಮಸ್ಕಿಯ ಮತ ಎಣಿಕೆ. ಅದೇ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ದುರಂತ. ಸಭೆಗೆ ಬಾರದ ರೋಗ ಸಂತೆಗೆ ಮಾತ್ರ ಬರುತ್ತದೆಯೇ ಎಂದು ಒಬ್ಬ ಕೂಲಿಕಾರ ಕೇಳಿದರೆ, ಆ ಪ್ರಶ್ನೆ ಅಜ್ಞಾನದ್ದಲ್ಲ. ಕಣ್ಣಾರೆ ಕಂಡದ್ದರ ಮೇಲೆ ಕಟ್ಟಿದ ತರ್ಕ ಅದು. ಅದರ ತೀರ್ಮಾನ ತಪ್ಪು, ಆ ತಪ್ಪಿನ ಬೆಲೆ ಪ್ರಾಣವೂ ಆಗಬಹುದು. ಆದರೆ ಅದರ ಅರ್ಧ ಆಧಾರವನ್ನು ಒದಗಿಸಿದವರು ಆಳುವವರೇ.

ಲಸಿಕೆ ಪಡೆದವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆಂಬ ಸಂದೇಶ ಅದೇ ಮೇ ತಿಂಗಳಲ್ಲಿ ನೊಬೆಲ್ ಪುರಸ್ಕೃತ ಲೂಕ್ ಮೊಂಟಾನ್ಯೆ ಅವರ ಹೆಸರಿನಲ್ಲಿ ದೇಶದಾದ್ಯಂತ ಹರಡಿತು. ಲಸಿಕೆಗಳನ್ನು ಟೀಕಿಸಿದ್ದ ಅವರು ಈ ಮಾತನ್ನು ಮಾತ್ರ ಆಡಿರಲಿಲ್ಲ. ನಿಂಬೆಯ ಸಂದೇಶದೊಡನೆ ಇದನ್ನಿಟ್ಟು ಓದಿದರೆ ಎರಡರ ಬಂಧವೂ ಒಂದೇ: ಒಂದು ದೊಡ್ಡ ಹೆಸರು, ಒಂದು ಖಚಿತ ಸಂಖ್ಯೆ ಅಥವಾ ಅಳತೆ, ಸಂಬಂಧಿಕರಿಗೂ ತಿಳಿಸಿರೆಂಬ ಕಳಕಳಿ. ಗಾದೆ, ಒಗಟು, ಲಾವಣಿಗಳ ಬಂಧವನ್ನು ಬಿಡಿಸಿ ನೋಡಿದ ಕನ್ನಡ ಅಧ್ಯಯನಕ್ಕೆ ಇದು ಅಪರಿಚಿತವಾದ ಕೆಲಸವೇನಲ್ಲ. ಮನೋವಿಜ್ಞಾನಿಗಳು ಪ್ರಶ್ನಾವಳಿಗಳ ಮೂಲಕ ಆತಂಕವನ್ನು ಅಳೆಯಬಲ್ಲರು. ಅದು ಸಿಂಧನೂರು ಸೀಮೆಯ ಯಾವ ಮಾತಿನಲ್ಲಿ, ಯಾರ ದನಿಯಲ್ಲಿ ದಾಟಿತೆಂಬುದನ್ನು ಭಾಷೆ ಬಲ್ಲವರೇ ಹೇಳಬೇಕು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಎರಡು ಸಾವಿರ ವರ್ಷ ಕಾದು 1915ರಲ್ಲಿ ಬೆಳಕಿಗೆ ಬಂತು. 2021ರ ಸಂದೇಶಗಳು ಹಾಗೆ ಕಾಯಲಾರವು: ಹಳೆಯ ಫೋನುಗಳೊಂದಿಗೆ ಅವು ಈಗಲೇ ಅಳಿಯುತ್ತಿವೆ.