ನ್ಯಾನೋ ಲ್ಯಾಬಿನಿಂದ ತಾಳಗುಂದದ ಹೊಲಕ್ಕೆ ಎಷ್ಟು ದೂರ?

ಕಳೆದ ಮುಂಗಾರಿನಲ್ಲಿ ಪಕ್ಕದ ಹೊಲದ ಅಣ್ಣ ಯೂರಿಯಾ ತರೋಕೆ ಹೋದವರು ಚೀಲದ ಜೊತೆ ಒಂದು ಬಾಟಲಿಯನ್ನೂ ಹಿಡಿದುಕೊಂಡು ಬಂದರು. ಚೀಲ ಬೇಕಂದ್ರೆ ಇದನ್ನೂ ತಗೊಳ್ಳಲೇಬೇಕು ಅಂತ ಅಂಗಡಿಯಲ್ಲಿ ಹೇಳಿದರಂತೆ. "ತಮ್ಮಾ, ನೀನು ತೋಟಗಾರಿಕೆ ಓದಿದವನು. ಈ ಅರ್ಧ ಲೀಟರ್ ನ್ಯಾನೋ ಯೂರಿಯಾ ಒಂದು ಚೀಲಕ್ಕೆ ಸಮ ಅಂತಾರೆ. ಹಂಗಾದ್ರೆ ಮೆಕ್ಕೆಜೋಳಕ್ಕೆ ಎರಡನೇ ಸಲ ಗೊಬ್ಬರ ಹಾಕೋದು ಬಿಟ್ಟುಬಿಡ್ಲಾ?" ಅಂತ ಕೇಳಿದರು.

ನನ್ನದು ಸಾವಯವ ತೋಟ. ಯೂರಿಯಾ ಚೀಲವೂ ಬೇಡ, ಬಾಟಲಿಯೂ ಬೇಡ. "ಎರಡೂ ಬಿಡಿ ಅಣ್ಣ" ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವರದು ಮೂರು ಎಕರೆ ಜೋಳ, ಬೀಜಕ್ಕೆ ಗೊಬ್ಬರಕ್ಕೆ ಸಾಲ ಮಾಡಿದ್ದಾರೆ. ಅಂಥವರಿಗೆ ನನ್ನ ಸಿದ್ಧಾಂತ ಹೇಳಿ ಏನು ಪ್ರಯೋಜನ? ಪೇಪರ್ ಪೆನ್ನು ತಗೊಂಡು ಇಬ್ಬರೂ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕ ನಿಮಗೂ ಬೇಕಾಗುತ್ತೆ.

45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಶೇ. 46. ಅಂದ್ರೆ 20 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಇಫ್ಕೋ ಸಂಸ್ಥೆ 2021ರ ಮೇ 31ರಂದು ಜಗತ್ತಿನ ಮೊದಲನೆಯದು ಅಂತ ಹೇಳಿ ಬಿಡುಗಡೆ ಮಾಡಿದ ನ್ಯಾನೋ ಯೂರಿಯಾದಲ್ಲಿ ಸಾರಜನಕ ಶೇ. 4. ಅರ್ಧ ಲೀಟರಿಗೆ 20 ಗ್ರಾಂ. ಕೆ.ಜಿ. ಅಲ್ಲ, ಗ್ರಾಂ. ಆಮೇಲೆ ಬಂದ ‘ಪ್ಲಸ್’ ಬಾಟಲಿಯಲ್ಲಿ ಪ್ರಮಾಣ ಏರಿಸಿದ್ದಾರೆ. ಅದರಲ್ಲೂ ನೂರು ಗ್ರಾಂ ಆಸುಪಾಸು, ಅಷ್ಟೇ.

ಈಗ ಬೆಳೆ ಕಡೆಯಿಂದ ನೋಡಿ. ಒಂದು ಕ್ವಿಂಟಲ್ ಮೆಕ್ಕೆಜೋಳದ ಕಾಳಿನೊಳಗೇ ಸುಮಾರು ಒಂದೂವರೆ ಕೆ.ಜಿ. ಸಾರಜನಕ ಇರುತ್ತೆ. ಎಕರೆಗೆ 20 ಕ್ವಿಂಟಲ್ ಬಂದರೆ ಬರೀ ಕಾಳಿನಲ್ಲೇ 30 ಕೆ.ಜಿ. ಹೊಲ ಬಿಟ್ಟು ಲಾರಿ ಹತ್ತುತ್ತೆ. ಎಲೆಯ ರಂಧ್ರದಲ್ಲಿ ನ್ಯಾನೋ ಕಣ ಎಷ್ಟೇ ಸಲೀಸಾಗಿ ನುಗ್ಗಲಿ, ಒಂದು ಹನಿಯೂ ಪೋಲಾಗದಿರಲಿ, 20 ಗ್ರಾಂ ಹೋದ ಕಡೆ 20 ಗ್ರಾಂ ಮಾತ್ರ ಸಿಗೋದು. ಉಳಿದದ್ದು ಮಣ್ಣಿನಿಂದಲೇ ಬರಬೇಕು. ಮಣ್ಣಿನಲ್ಲಿ ಹಳೇ ಉಳಿತಾಯ ಇದ್ದರೆ ಮೊದಲ ವರ್ಷ ಬೆಳೆ ಚೆನ್ನಾಗೇ ಕಾಣುತ್ತೆ, ಬಾಟಲಿಗೆ ಹೆಸರು ಬರುತ್ತೆ. ಖಾತೆ ಖಾಲಿಯಾಗೋದು ಆಮೇಲೆ.

ಇನ್ನೊಂದು ಲೆಕ್ಕ ನೋಡಿ ಅಣ್ಣನೇ ನಕ್ಕರು. ಹಳೇ ಶೇ. 2ರ ಯೂರಿಯಾ ಸಿಂಪರಣೆ ಗೊತ್ತಲ್ಲ? 16 ಲೀಟರ್ ಪಂಪಿಗೆ 320 ಗ್ರಾಂ ಯೂರಿಯಾ. ಅದರಲ್ಲಿ ಸಾರಜನಕ 147 ಗ್ರಾಂ, ಅಂದ್ರೆ ಶೇ. 4ರ ಏಳು ಬಾಟಲಿಯಷ್ಟು. ರೈತ ಕೊಡುವ ದರದಲ್ಲಿ ಖರ್ಚು ಎರಡು ರೂಪಾಯಿಯೂ ಆಗಲ್ಲ. ಬಾಟಲಿ ಇನ್ನೂರು ದಾಟುತ್ತೆ. (ಚೀಲದ ಅಸಲಿ ಬೆಲೆಯಲ್ಲಿ ಬಹುಪಾಲು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತೆ, ಅದನ್ನು ಮರೆಯೋದು ಬೇಡ.)

ಕಂಪನಿ ಕಡೆಯ ಮಾತನ್ನೂ ಹೇಳಿಬಿಡ್ತೀನಿ. ಸುಮಾರು 11,000 ರೈತರ ಹೊಲದಲ್ಲಿ, 94 ಬೆಳೆಗಳಲ್ಲಿ ಪ್ರಯೋಗ ಮಾಡಿ ಸರಾಸರಿ ಶೇ. 8 ಇಳುವರಿ ಹೆಚ್ಚಾಗಿದ್ದನ್ನು ಕಂಡಿದ್ದೇವೆ ಅನ್ನೋದು ಇಫ್ಕೋ ವಾದ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ತನ್ನ ತಾಕಿನಲ್ಲಿ ನೋಡಿದಾಗ ಬಂದದ್ದು ಬೇರೆ ಉತ್ತರ. ಸಾಮಾನ್ಯ ಯೂರಿಯಾ ಕಡಿಮೆ ಮಾಡಿ ನ್ಯಾನೋ ಸಿಂಪಡಿಸಿದ ಕಡೆ ಗೋಧಿ ಇಳುವರಿ ಶೇ. 21.6, ಭತ್ತದ್ದು ಶೇ. 13 ಇಳಿದಿತ್ತು, ಕಾಳಿನ ಪ್ರೋಟೀನೂ ಕುಸಿದಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2023ರಲ್ಲಿ ಈ ಹೇಳಿಕೆಗಳಿಗೆಲ್ಲ ಆಧಾರ ಎಲ್ಲಿದೆ ಅಂತ ನೇರವಾಗಿಯೇ ಕೇಳಿದರು.

ಇದನ್ನು ಓದಿ "ಸಾವಯವದವನು, ನ್ಯಾನೋ ಅಂದ್ರೆ ಉರಿದು ಬೀಳ್ತಾನೆ" ಅನ್ಕೋಬೇಡಿ. ನನ್ನ ತಕರಾರು ವಿಜ್ಞಾನದ ಮೇಲಲ್ಲ, ಅದು ಹೊಲಕ್ಕೆ ಬರೋ ದಾರಿಯ ಮೇಲೆ.

ನಮ್ಮ ರಾಜ್ಯದಲ್ಲಿ ನ್ಯಾನೋ ಲ್ಯಾಬುಗಳಿಗೆ ಬರ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಶುರುವಾದ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಧೂಳಿನ ಕಣವೂ ಒಳಗೆ ಬಾರದ ಕೋಣೆಗಳಿವೆ, ಅಲ್ಲಿ ಚಿಪ್ಪು, ಸೆನ್ಸರು ಮಾಡ್ತಾರೆ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರು ಕಟ್ಟಿದ ಜವಾಹರಲಾಲ್ ನೆಹರೂ ಕೇಂದ್ರ ಇದೆ. ರಾಯಚೂರು ಕೃಷಿ ವಿವಿಯಲ್ಲಿ ನ್ಯಾನೋ ತಂತ್ರಜ್ಞಾನ ಕೇಂದ್ರ, ಧಾರವಾಡ ಕೃಷಿ ವಿವಿಯಲ್ಲಿ ಹಸಿರು ನ್ಯಾನೋ ತಂತ್ರಜ್ಞಾನ ಪ್ರಯೋಗಾಲಯ ಇದೆ. ಆ ‘ಹಸಿರು’ ಬಗ್ಗೆ ಒಂದು ಮಾತು. ಬೇವಿನ ಸೊಪ್ಪಿನಂಥ ಗಿಡದ ರಸಕ್ಕೆ ಬೆಳ್ಳಿ ಅಥವಾ ಸತುವಿನ ಲವಣ ಸೇರಿಸಿ ಕಣ ತಯಾರಿಸುವ ವಿಧಾನ ಅದು. ಜಾಣ ವಿಧಾನವೇ ಸರಿ, ವಿಷದ ರಾಸಾಯನಿಕ ಕಡಿಮೆ ಬೇಕಾಗುತ್ತೆ. ಹಾಗಂತ ಬೇವಿನ ರಸದಲ್ಲಿ ಹುಟ್ಟಿದ ಬೆಳ್ಳಿ ಸಾವಯವ ಆಗಲ್ಲ, ಮಣ್ಣಿನ ಜೀವಾಣುಗಳಿಗೆ ಬೆಳ್ಳಿ ಬೆಳ್ಳಿಯೇ. ‘ಹಸಿರು ನ್ಯಾನೋ’ ಅಂತ ಯಾರಾದರೂ ಮಾರಲು ಬಂದರೆ ಇದು ನೆನಪಿರಲಿ.

ಒಳ್ಳೆಯ ಉದಾಹರಣೆ ಬೇಕಂದ್ರೆ ಪಕ್ಕದ ಕೊಯಮತ್ತೂರಿನದು. ತಮಿಳುನಾಡು ಕೃಷಿ ವಿವಿಯವರು ಕೆನಡಾದ ಗ್ವೆಲ್ಫ್ ವಿವಿ ಮತ್ತು ಶ್ರೀಲಂಕಾದವರ ಜೊತೆ ಸೇರಿ ಹೆಕ್ಸನಾಲ್ ಅನ್ನೋ ವಸ್ತುವಿನ ನ್ಯಾನೋ ದ್ರಾವಣ ಮಾಡಿದರು. ಹೆಕ್ಸನಾಲ್ ಗಿಡಗಳೇ ತಯಾರಿಸುವ ವಸ್ತು, ಹಣ್ಣಿನ ಜೀವಕೋಶದ ಪೊರೆ ಬೇಗ ಒಡೆಯದಂತೆ ತಡೆಯುತ್ತೆ. ಕೊಯ್ಲಿಗೆ ಮುಂಚೆ ಮಾವಿಗೆ ಸಿಂಪಡಿಸಿದರೆ ಹಣ್ಣು ಮರದಲ್ಲೂ ಕೊಯ್ದ ಮೇಲೂ ಹೆಚ್ಚು ದಿನ ತಡೆಯುತ್ತೆ. ನನಗೆ ಇಷ್ಟವಾಗೋದು ಅದರ ಪ್ರಶ್ನೆ. ಬೆಳೆದದ್ದು ಒಟ್ಟಿಗೇ ಹಣ್ಣಾಗಿ ರೇಟು ಬಿದ್ದಾಗ ರೈತ ಏನು ಮಾಡಬೇಕು? ಸೊರಬದ ಅನಾನಸ್ ಬೆಳೆಗಾರರಿಗೆ ಈ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯಿಂದ ಲ್ಯಾಬಿಗೆ ಹೋಗಬೇಕಾದ ಪ್ರಶ್ನೆ ಯಾವುದು? ನನ್ನ ಪ್ರಕಾರ ಮೊದಲನೆಯದು ಅಡಿಕೆಯ ಕೊಳೆರೋಗ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ಪುಸ್ತಿಕೆ ಬರೆದು ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು, ಮಳೆಗೆ ತೊಳೆದು ಹೋಗದಂತೆ ರಾಳದ ಅಂಟು. ನೂರು ವರ್ಷ ದಾಟಿದರೂ ನಾವು ಇವತ್ತಿಗೂ ಕೊನೆಗೌಡರನ್ನು ಕಾಯುತ್ತಾ ಅದನ್ನೇ ಹೊಡೆಸ್ತಿದ್ದೀವಿ. ಪ್ರತಿ ವರ್ಷ ಆ ತಾಮ್ರ ತೋಟದ ಮಣ್ಣಿಗೆ ಇಳೀತಾನೇ ಇದೆ. ಹತ್ತನೇ ಒಂದು ಪಾಲು ತಾಮ್ರದಲ್ಲಿ ಅದೇ ಕೆಲಸ ಆಗುತ್ತಾ, ಜುಲೈ ಮಳೆಯಲ್ಲಿ ಗೊನೆಗೆ ಅಂಟಿಕೊಂಡಿರುತ್ತಾ, ಎರೆಹುಳಕ್ಕೆ ಏನಾಗುತ್ತೆ? ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿವಿ ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲೇ ಇದೆ. ರಾಯಚೂರಿನ ಯಂತ್ರ, ಇರುವಕ್ಕಿಯ ತೋಟ, ನಮ್ಮೂರಿನ ಮಳೆ ಮೂರನ್ನೂ ಸೇರಿಸಿ ಒಂದು ಪ್ರಯೋಗ ಮಾಡಿದರೆ ನಾನೇ ನನ್ನ ತೋಟದ ಒಂದು ಸಾಲು ಬಿಟ್ಟುಕೊಡ್ತೀನಿ. ಅಷ್ಟಕ್ಕೆ ನನ್ನ ಸಾವಯವ ಸರ್ಟಿಫಿಕೇಟು ಹೋದರೆ ಹೋಗಲಿ ಅಂತ ಹೇಳುವಷ್ಟು ಧೈರ್ಯ ಇಲ್ಲ, ಹಾಗಾಗಿ ಬೇಲಿಯಾಚೆಯ ಸಾಲು!

ತಾಳಗುಂದದವರಿಗೆ ಇದು ಹೊಸ ಮಾತಲ್ಲ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನದಲ್ಲಿ ಮಯೂರಶರ್ಮ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಆದ ಜಗಳ ಎಲ್ಲರಿಗೂ ಗೊತ್ತು. ಆದರೆ ಶಾಸನ ಕೆತ್ತಿಸಿದ್ದು ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗೆ. ದೂರದ ವಿದ್ಯಾಪೀಠದ ಕತೆಯೂ ಊರಿನ ನೀರಿನ ಕತೆಯೂ ಒಂದೇ ಕಲ್ಲಿನ ಮೇಲಿವೆ.

ಈಗ ಬಾಟಲಿ ಮನೆಗೆ ಬಂದೇ ಬಿಟ್ಟಿದೆ ಅಂದ್ರೆ ಏನು ಮಾಡೋದು? ಎಸೀಬೇಡಿ, ನಂಬಲೂ ಬೇಡಿ. ಒಂದೇ ಹೊಲದಲ್ಲಿ ಮೂರು ಪಟ್ಟಿ ಮಾಡಿ. ಒಂದಕ್ಕೆ ಪೂರ್ತಿ ಯೂರಿಯಾ. ಇನ್ನೊಂದಕ್ಕೆ ಅರ್ಧ ಯೂರಿಯಾ, ಜೊತೆಗೆ ನ್ಯಾನೋ. ಮೂರನೆಯದಕ್ಕೆ ಅರ್ಧ ಯೂರಿಯಾ, ಜೊತೆಗೆ ಬರೀ ನೀರಿನ ಸಿಂಪರಣೆ. ಪ್ರಾತ್ಯಕ್ಷಿಕೆಗಳಲ್ಲಿ ಮೂರನೇ ಪಟ್ಟಿಯನ್ನು ತೋರಿಸಿದ್ದು ನಾನು ನೋಡಿಲ್ಲ. ಆದರೆ ಗುಟ್ಟು ಇರೋದೇ ಅಲ್ಲಿ: ಎರಡನೆಯದೂ ಮೂರನೆಯದೂ ಸಮ ಬಂದರೆ ಬೆಳೆ ಬೆಳೆಸಿದ್ದು ಮಣ್ಣು, ಬಾಟಲಿಯಲ್ಲ. ಬೇಲಿ ಪಕ್ಕದ, ನೀರು ನಿಲ್ಲುವ ಸಾಲುಗಳನ್ನು ಬಿಟ್ಟು ಮಧ್ಯದ್ದನ್ನು ಮಾತ್ರ ತೂಕ ಹಾಕಿ. ಎಲೆ ಬಣ್ಣದ ಫೋಟೋ ನೋಡಿ ತೀರ್ಮಾನ ಬೇಡ, ತಕ್ಕಡಿ ನೋಡಿ. ಯೂರಿಯಾ ಜೊತೆ ಬಲವಂತವಾಗಿ ಬಾಟಲಿ ಕಟ್ಟಿದರೆ ಬಿಲ್ ಕೇಳಿ ಪಡೆದು ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ.

ಅಣ್ಣ ಈ ಸಲ ಹಾಗೇ ಮೂರು ಪಟ್ಟಿ ಮಾಡಿದ್ದಾರೆ, ಒಂದೊಂದಕ್ಕೆ ಎಂಟು ಸಾಲು. ಗೂಟಕ್ಕೆ ಬಣ್ಣ ಹಚ್ಚಿದ್ದು ಅವರ ಮಗಳು. ತೆನೆ ಮುರಿದು ತೂಕ ಹಾಕಿದ ಮೇಲೆ ಮೂರೂ ಅಂಕಿ ಇಲ್ಲೇ ಬರೀತೀನಿ, ನನ್ನ ಲೆಕ್ಕ ತಪ್ಪಾಗಿದ್ದರೂ ಸರಿ.